ನೂರು, ಎಪ್ಪತ್ತೆರಡು

ಟಾಲಿನ್ನಿನ ಉರ್ವೆ ಅವರಿಗೆ,
ನಿಮ್ಮ ಮುಖ ನಾನು ಕಂಡಿಲ್ಲ.
ನಡುವೆ ಆರು ಸಾವಿರ ಚಿಲ್ಲರೆ ಕಿಲೋಮೀಟರ್ ಗಾಳಿ,
ಅರ್ಧ ಮರಳಿನದು, ಅರ್ಧ ಹಿಮದ್ದು.
ನಾನು ಸಾಂತಿಗಿ. ಫ್ರೀಟೌನಿನ ಶವಾಗಾರದಲ್ಲಿ
ಫ್ರಿಜ್ಜಿನ ಕೀಲಿ, ಜನರೇಟರಿನ ಡೀಸೆಲ್ಲು, ದಾಖಲೆ ಪುಸ್ತಕ
ಮೂರನ್ನೂ ಕಾಯುವವನು.

ನಾನು ಕಳಿಸಿದ ಪೊಟ್ಟಣ ನೆನಪಿರಬೇಕು.
ಸಾಸಿವೆ ಕಾಳಿನಷ್ಟು ಪುಡಿ, ಒಂದಿಷ್ಟು ರಕ್ತ,
ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಇನ್ನೊಂದು.
ಅದು ನಿಮ್ಮ ಮೇಜು ಮುಟ್ಟಲು
ಹದಿನೇಳು ವಾರ, ಒಂಬತ್ತು ಮುದ್ರೆ,
ರಜೆಗೆ ಹೋದ ಇಬ್ಬರು ಕಾರ್ಯದರ್ಶಿಗಳು,
ಒಬ್ಬ ಪೈಲಟ್ಟು:
ವಿಷ ಎಂದು ಬರೆದಿದೆ, ನಾನೊಯ್ಯಲಾರೆ ಎಂದ.
ಅವನದೂ ಸರಿಯೇ.
ಆದರೆ ಅದೇ ಪುಡಿ ನಮ್ಮೂರಿಗೆ ಬಂದಾಗ
ಯಾವನೂ ಹುಬ್ಬು ಹಾರಿಸಲಿಲ್ಲ.
ಹಾಲಿನ ಪುಡಿಯ ಡ್ರಮ್ಮಿನ ತಳದಲ್ಲಿ
ಹಾಯಾಗಿ ಮಲಗಿ ಬಂತೆಂದು
ಬಂದರಿನ ಹಮಾಲಿಯೊಬ್ಬ ಹೇಳುತ್ತಾನೆ.
ಅದನ್ನೂ ಪತ್ರದ ಅಂಚಿನಲ್ಲಿ ಗೀಚಿದ್ದೆ.
ವಿಷಕ್ಕೆ ವೀಸಾ ಬೇಡ, ಉರ್ವೆ. ಸಾಕ್ಷಿಗೆ ಬೇಕು.

ನಿಮ್ಮ ಕಾಗದದಲ್ಲಿ ಅವನು ನಲವತ್ತೊಂದನೇ ನಮೂನೆ.
ನಮ್ಮಲ್ಲಿ ಅಲುಸಿನ್.
ವ್ಯಾನಿನ ಬಾಗಿಲಿಗೆ ಜೋತುಬಿದ್ದು
ಮುಂದಿನ ನಿಲ್ದಾಣದ ಹೆಸರು ಕೂಗುತ್ತಿದ್ದವನು.
ಕುಶ್ ಸೇದತೊಡಗಿದ ಮೇಲೆ
ನಿಲ್ದಾಣಗಳನ್ನು ಮರೆತ, ಹೆಸರುಗಳನ್ನು ಮರೆತ,
ನಿಂತಲ್ಲೇ ನಿದ್ದೆ, ಕಾಲು ಬಾತು ಕುಂಬಳಕಾಯಿ.
ಅಲುಸಿನ್ ಎಂದರೆ ಸಾಕು, ಇಲ್ಲಿ ಯಾರೂ
ಇನ್ನೊಬ್ಬನೆಲ್ಲಿ ಎಂದು ಕೇಳುತ್ತಾರೆ.
ಅವಳಿಗಳಿಗೆ ಇಡುವ ಹೆಸರದು.

ಇನ್ನೊಬ್ಬ, ಅಲ್ಹಸನ್,
ಮಣ್ಣಾದ ಮೇಲೂ ಮನೆಗೆ ಹೋಗಲಿಲ್ಲ.
ಹದಿನೇಳು ವಾರ ನನ್ನ ಮೆಟ್ಟಿಲ ಮೇಲೆ ಕೂತ.
ಏನದು, ಚಾಚಾ? ಅದಕ್ಕೊಂದು ಹೆಸರಿಲ್ಲವೇ?
ಅವನ ಬೆರಳ ತುದಿಯೂ ಹಳದಿ.
ಒಳಗೆ ನಾನು ಬಟ್ಟೆ ಎಳೆದು ಮುಚ್ಚಿದ ಮುಖವೇ
ಹೊರಗೆ ಕಣ್ಣು ಬಿಟ್ಟು ಕೂತಿತ್ತು.

ನಿಮ್ಮ ಉತ್ತರ ಬಂದ ದಿನ ಕರೆಂಟಿರಲಿಲ್ಲ.
ಫೋನಿನ ಬಿರುಕು ಪರದೆಯಲ್ಲಿ
ಬೋಳು ಬಯಲು, ನೂರರ ಹತ್ತಿರ ಒಂದು ನೀಳ ಗೆರೆ,
ಎಪ್ಪತ್ತೆರಡರಲ್ಲಿ ಅದರ ಕುಳ್ಳ ತಮ್ಮ.
ಕೆಳಗೆ ನೀವು ಬರೆದಿದ್ದಿರಿ:
ಇವನನ್ನು ಬಲ್ಲೆವು. ಹೋದ ಚಳಿಗಾಲ ಇಲ್ಲಿಗೂ ಬಂದಿದ್ದ.
ಅಷ್ಟೇ.
ಎಷ್ಟು ಜನ ಎಂದು ನೀವು ಬರೆಯಲಿಲ್ಲ,
ನಾನು ಕೇಳಲಿಲ್ಲ.

ಮೆಟ್ಟಿಲಿಗೆ ಬಂದು ಕೂಡಿಸಿ ಕೂಡಿಸಿ ಓದಿದೆ:
ಐ-ಸೊ-ಟೊ-ನಿ-ಟ-ಜೀನ್.
ಅಲ್ಹಸನ್ ನಕ್ಕುಬಿಟ್ಟ.
ನಮ್ಮಪ್ಪ ಇಬ್ಬರಿಗೂ ಸೇರಿಸಿ ಇಷ್ಟುದ್ದ ಹೆಸರಿಡಲಿಲ್ಲ!
ಆಮೇಲೆ ಬಹಳ ಹೊತ್ತು
ಅದನ್ನೇ ಬಾಯಿಪಾಠ ಮಾಡಿದ, ತಪ್ಪುತ್ತಾ, ತಿದ್ದುತ್ತಾ,
ಮಗ್ಗಿ ಒಪ್ಪಿಸುವ ಹುಡುಗನ ಹಾಗೆ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು
ಅನ್ನಬಹುದು. ನಾನೂ ಅಂದೆ, ಆ ರಾತ್ರಿ, ಜೋರಾಗಿಯೇ.
ನಿಮ್ಮ ಎರಡನೇ ಪತ್ರ ಆಮೇಲೆ ಬಂತು.
ಆ ಎರಡು ಅಂಕಿ, ನನ್ನ ಹಮಾಲಿಯ ಮಾತು
ಎರಡನ್ನೂ ರಾಟರ್‌ಡ್ಯಾಮಿಗೆ ದಾಟಿಸಿದಿರಂತೆ.
ಅಲ್ಲಿ ವಿಟ್ಸ್ಕೆ ಎಂಬಾಕೆ, ರಾತ್ರಿಪಾಳಿ, ನೆಗಡಿ ಬೇರೆ,
ಹಾಲಿನ ಪುಡಿಯ ಇನ್ನೂರು ಡ್ರಮ್ಮುಗಳ ಮುಂದೆ ನಿಂತು
ಒಂದನ್ನು ಮಗುಚಿದಳಂತೆ.
ಒಂದೇ ಒಂದು.
ಎಷ್ಟು ಹಡಗು ಅವಳ ಬೆನ್ನ ಹಿಂದೆ ದಾಟಿದವೋ.
ಆದರೂ ಆ ಒಂದು ಡ್ರಮ್ಮಿನೊಳಗೆ
ನಮ್ಮ ಎಷ್ಟು ಮೆಟ್ಟಿಲುಗಳು ಖಾಲಿಯಾಗಬಹುದಿತ್ತೆಂದು
ಲೆಕ್ಕ ಹಾಕುತ್ತಾ ಮಲಗಿದೆ. ನಿದ್ದೆ ಬಂತು.

ಅಲ್ಹಸನ್ ಮೂರು ದಿನದಿಂದ ಬಂದಿಲ್ಲ.
ಹೊಸ ಶವ ಬಂದರೆ ಮೊದಲು ಕಾಲು ನೋಡುತ್ತೇನೆ,
ಆಮೇಲೆ, ಧೈರ್ಯ ಮಾಡಿ, ಮುಖ.
ಈವರೆಗೆ ಅವನಲ್ಲ.

ಅಂದಹಾಗೆ, ನನ್ನ ಹೆಂಡತಿ ನಿಮಗೆಂದು
ಕಡಲೆಕಾಯಿ ಹುರಿದು ಅರೆದು ಬಾಟಲಿಗೆ ತುಂಬಿದ್ದಾಳೆ.
ಒಳಗೇನಿದೆ ಎಂದ ಅಂಚೆಯವನು;
ಮೂಸಿ ನೋಡಿ, ನಾಲ್ಕು ಪುಟದ ಫಾರಂ ಕೊಟ್ಟ.
ತುಂಬುತ್ತಿದ್ದೇನೆ.
ಈಗ ಮೂರನೇ ಪುಟ.