ಟಕ್ ಅನ್ನುವವರೆಗೆ

ಹದಿನಾಲ್ಕರ ಸ್ಪ್ಯಾನರು ಬೇಕು ಅಂದರು ಸೆಲ್ವರಾಜಣ್ಣ.
ಮನೆಯಲ್ಲಿದ್ದದ್ದು ಹದಿಮೂರರದು.
ಗೋಪಾಳದ ನಮ್ಮ ಕ್ರಾಸಿನಲ್ಲಿ ಬೆಳಗಿನ ಏಳಕ್ಕೇ
ಹದಿನಾಲ್ಕನ್ನು ಸಾಲ ಕೇಳುತ್ತ ನಾಲ್ಕು ಮನೆ ತಿರುಗಿದೆ.
ಒಬ್ಬರು ಸಕ್ಕರೆ ಅಂದುಕೊಂಡು ಲೋಟ ತಂದರು.

ಮಾಚೇನಹಳ್ಳಿ ಕಡೆ ಬಾಗಿಲು ಹಾಕಿದ ಗಾರ್ಮೆಂಟ್ಸಿನ ಹರಾಜಿನಲ್ಲಿ
ನಾನು ಕೂಗಿದ ಬೆಲೆಗೇ ಬಿದ್ದಿತ್ತು
ಓವರ್‌ಲಾಕ್ ಮಿಷನ್ನು, ಟೇಬಲ್ಲು ಸಮೇತ.
ಆರು ವರ್ಷ ಅದರ ಮುಂದೆಯೇ ಕೂತವಳು,
ಅದರ ಕೆಮ್ಮು ನನಗೆ ಗೊತ್ತು.
ಕಾರಿನ ಹಿಂದಿನ ಸೀಟು ಮಡಚಿ ನೋಡಿದೆ, ಹಿಡಿಯಲಿಲ್ಲ.
ನಾಲ್ಕು ಬೆರಳು ಎತ್ತರ ಹೆಚ್ಚು.
ನಾಲ್ಕು ಬೆರಳಿಗಾಗಿ ಇಡೀ ಸೀಟು ಬಿಚ್ಚಬೇಕು.

ಕೂರುವ ಭಾಗ ಸುಲಭ. ಮುಂದುಗಡೆ ಕೈ ತೂರಿಸಿ ಜಗ್ಗಿದರೆ
ಹಲಸಿನ ತೊಳೆ ಬಿಟ್ಟಂತೆ ಬಿಟ್ಟುಕೊಂಡಿತು.
ಒರಗುವ ಭಾಗದ ಬೋಲ್ಟುಗಳಿಗೇ ಹಟ.
ಒಂದಕ್ಕೆ ತೆಂಗಿನೆಣ್ಣೆ, ಒಂದಕ್ಕೆ ಬೈಗುಳ,
ಮೂರನೆಯದಕ್ಕೆ ಸೆಲ್ವರಾಜಣ್ಣ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರು.
ಎರಡೂ ಕಿವಿ ಅಲ್ಲೇ ಬಿಟ್ಟು ಬಂದವರು.
ದುಡ್ಡು ಲೆಕ್ಕ ಹಾಕಿ ಕೊಟ್ಟರು, ಕಿವಿ ವಾಪಸು ಕೊಡಲಿಲ್ಲ ಅಂತ
ತಾವೇ ಹೇಳಿ ತಾವೇ ನಗುತ್ತಾರೆ.
ನಮ್ಮ ನಗು ಕೇಳಿಸುವುದಿಲ್ಲವಲ್ಲ,
ನಮ್ಮ ಪಾಲಿನದನ್ನೂ ಸೇರಿಸಿ ನಗುತ್ತಾರೆ.

ಮಿಷನ್ನು ಮನೆಯೊಳಗೆ ಬಂತು. ಸೀಟು ಜಗಲಿಯಲ್ಲಿ ಉಳಿಯಿತು.
ಒಂದೇ ದಿನಕ್ಕೆ ಅಂತ ಗೋಡೆಗೆ ಒರಗಿಸಿದ್ದು,
ಹನ್ನೊಂದು ದಿನ ಆಯಿತು.
ಮಗಳು ನನ್ನ ವೇಲನ್ನೇ ಬೆಲ್ಟು ಮಾಡಿ ಬಿಗಿದುಕೊಂಡು
ಹದಿನೇಳರ ಮಗ್ಗಿ ದಾಟಿದಳು.
ಗ್ಯಾಸಿನವನು ಕೂತು ಚಿಲ್ಲರೆ ಎಣಿಸಿದ, ಎರಡು ಸಲ.
ಎದುರು ಮನೆಯ ಜುಲೇಖಾಬಿ,
ಒಳಗೆ ಬನ್ನಿ ಅಂದರೆ ಎಂದೂ ಬಾರದವರು,
ಗೇಟಿನಲ್ಲೇ ನಿಂತು
"ಈ ಗಾಡಿ ಸಾಗರಕ್ಕೆ ಹೋಗ್ತದಾ?" ಅಂತ ಕೇಳಿ
ಹತ್ತಿ ಕೂತೇಬಿಟ್ಟರು.
ಆನಂದಪುರದವರೆಗೂ ಬಂದಿರಬೇಕು ಮಾತು,
ಆಗ ಚೀಲದಿಂದ ದಾರ ಬಿಟ್ಟ ಎರಡು ನೈಟಿ ತೆಗೆದರು.
ನನ್ನ ಮೊದಲ ಗಿರಾಕಿ.
ಬೋರ್ಡು ಬರೆಸಿದ್ದು ಆಮೇಲೆ.

ಭಾನುವಾರ ನಾದಿನಿ ಮೂರು ಮಕ್ಕಳೊಂದಿಗೆ ರೈಲಿಳಿಯುತ್ತಾಳೆ.
ಅವಳನ್ನು ಬರೀ ತಗಡಿನ ಮೇಲೆ ಕೂರಿಸಿ ತಂದರೆ
ಆ ಮಾತು ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ಬಿಚ್ಚಿದ್ದನ್ನು ಕೂರಿಸುವುದು ಬೇರೆಯೇ ವಿದ್ಯೆ.
ಮೊದಲ ಸಲ ಬೆಲ್ಟಿನ ಕೊಂಡಿಗಳು ಸೀಟಿನಡಿ ಹೂತುಹೋದವು.
ಎರಡನೆಯ ಸಲ ಎಡದ್ದು ಬಂತು, ಬಲದ್ದು ಮುನಿಸಿಕೊಂಡಿತು.
ಮೂರನೆಯ ಸಲ ಎಲ್ಲ ಬಂದವು,
ವಾಷರು ಒಂದು ಉಳಿಯಿತು.
ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು ಸೆಲ್ವರಾಜಣ್ಣ.
"ಇದು ನಮ್ಮದಲ್ಲ ಬಿಡಮ್ಮ" ಅಂದರು.
ಚಹಾ ಕುಡಿದರು.
ಲೋಟ ಕೆಳಗಿಟ್ಟವರೇ ಮತ್ತೆ ಬಿಚ್ಚತೊಡಗಿದರು.

ಕೊನೆಗೆ ಬೆನ್ನನ್ನು ಎತ್ತಿ ಒತ್ತಬೇಕು.
ಟಕ್ ಅನ್ನಬೇಕು.
ಕೂತಿದೆಯೋ ಇಲ್ಲವೋ ತೋರಿಸುವ ಕೆಂಪು ಗುರುತು
ನಮ್ಮ ಹಳೇ ಗಾಡಿಯಲ್ಲಿ ಎಂದೋ ಮುರಿದಿದೆ.
ಹಾಗಾಗಿ ನಾನು ಕಿವಿಯಾದೆ.
ಅದೇ ಹೊತ್ತಿಗೆ ಬೀದಿಗೆ ಬರಬೇಕೇ ಕಸದ ಗಾಡಿ,
ಹಸಿ ಕಸ ಒಣ ಕಸ ಅಂತ ಹಾಡಿಕೊಂಡು!
ಟಕ್ ಅಂದಿತೋ, ನನ್ನ ಬಳೆಯೋ.

ಸೆಲ್ವರಾಜಣ್ಣ ಕಣ್ಣು ಮುಚ್ಚಿ
ಸೀಟಿನ ಬೆನ್ನಿಗೆ ಅಂಗೈ ಇಟ್ಟರು,
ಕೂಸಿಗೆ ಜ್ವರ ಇಳಿಯಿತೇ ಅಂತ ನೋಡುವ ಹಾಗೆ.
"ಇನ್ನೂ ಇಲ್ಲ."
ಭುಜ ಕೊಟ್ಟು ಇನ್ನೊಮ್ಮೆ ದಬ್ಬಿದೆ.
"ಹಾಂ. ಬಂತು."

ನನಗೇನೂ ಕೇಳಿಸಿರಲಿಲ್ಲ.

ಸಂಜೆ ಜುಲೇಖಾಬಿ ಬಂದು ಖಾಲಿ ಗೋಡೆ ನೋಡುತ್ತ ನಿಂತರು,
ಕಂಕುಳಲ್ಲಿ ಬಟ್ಟೆಗಂಟು.
ಒಳಗೆ ಬನ್ನಿ ಅನ್ನಲಿಲ್ಲ ನಾನು.
ಕಾರಿನ ಹಿಂದಿನ ಬಾಗಿಲು ತೆಗೆದೆ.
ಹತ್ತಿದರು, ಸೆರಗು ಒಳಗೆಳೆದುಕೊಂಡರು,
ಬೆಲ್ಟಿಗಾಗಿ ತಡಕಾಡಿದರು.