ನೂರ ಎಪ್ಪತ್ತಾರು

ನರಿನ್ ಊರಿನ ಚಳಿಗೆ ಚಿಲಕ ಕೈಗೇ ಅಂಟುತ್ತದೆ.
ತೊಕ್ತೊಸುನ್ ಒಲೆಯನ್ನು ಕಂಬಳಿಯಲ್ಲಿ ಸುತ್ತಿ
ಕೂಸಿನ ಹಾಗೆ ತಂದು ನನ್ನ ಮೇಜಿನ ಮೇಲಿಟ್ಟ.
"ಸಾವಿರ ವ್ಯಾಟ್ ಅಂತ ಬರೆದಿದ್ದಾನೆ, ಬುರುಲ್ಚಾ.
ನೀರು ಕುದಿಯುವಷ್ಟರಲ್ಲಿ ನನ್ನ ಗಡ್ಡ ಬೆಳೆಯಿತು. ಮೋಸ!"

ಮೋಸ ಯಾರದೆಂದು ಮೀಟರನ್ನೇ ಕೇಳಿದೆ.
ಇನ್ನೂರ ಇಪ್ಪತ್ತು ವೋಲ್ಟ್ ಇರಬೇಕಾದಲ್ಲಿ
ನೂರ ಎಪ್ಪತ್ತಾರು.
ಹರಿಯುತ್ತಿರುವುದು ಮೂರೂವರೆ ಆಂಪಿಯರ್, ಮೇಲೆ ಚೂರು.

ಸಿಗರೇಟು ಪೊಟ್ಟಣದ ಬೆನ್ನ ಮೇಲೆ ಭಾಗಿಸಿದೆ:
ನಲವತ್ತೆಂಟು ಓಮ್, ಚಿಲ್ಲರೆ.
ಕಾರ್ಖಾನೆ ಬಿಟ್ಟ ದಿನ ಎಷ್ಟೋ ಇಂದೂ ಅಷ್ಟೇ,
ತಂತಿ ಮಾತಿಗೆ ತಪ್ಪಿಲ್ಲ.
ಗುಣಿಸಿದೆ: ಆರುನೂರ ನಲವತ್ತು ವ್ಯಾಟ್.
ಒತ್ತಡದಲ್ಲಿ ಐದನೇ ಒಂದು ಪಾಲು ಹೋದರೆ
ಬಿಸಿಯಲ್ಲಿ ಮೂರನೇ ಒಂದಕ್ಕೂ ಹೆಚ್ಚು ಹೋಗುತ್ತದೆ;
ಈ ನಷ್ಟಕ್ಕೆ ಬಡ್ಡಿಯೂ ಉಂಟು.

"ಹಾಗಾದರೆ ಸುರುಳಿಯನ್ನು ಒಂದಿಷ್ಟು ಕತ್ತರಿಸು."

ಕತ್ತರಿಸಬಹುದು. ಮೂವತ್ತೊಂದು ಓಮಿಗೆ ಇಳಿಸಿದರೆ
ಸಂಜೆ ಸಾವಿರ ಸಿಕ್ಕೀತು.
ಊರು ಮಲಗಿ ಒತ್ತಡ ಮರಳಿದಾಗ ಅದೇ ತಂತಿ
ಸಾವಿರದೈನೂರು ದಾಟಿ
ನಿನ್ನಜ್ಜಿ ಹೊಲಿದ ಉಣ್ಣೆಹಾಸನ್ನು ಸುಟ್ಟೀತು.
ಅಲ್ಲದೆ ನೀನು ಎಳೆದಷ್ಟೂ ತಂತಿಯ ತುದಿಯವರಿಗೆ ಕಡಿಮೆ.

ಅವನು ಕಿಟಕಿಯ ಮಂಜು ಒರೆಸಿ ಕಂಬಗಳನ್ನೆಣಿಸಿದ.
"ಕೊನೆಯ ಕಂಬದಿಂದ ಯಾರ ಮನೆಗೆ?"
ನಾನು ಮಾತಾಡಲಿಲ್ಲ. ನನ್ನ ತಲೆಯ ಮೇಲಿನ ಬಲ್ಬಿನೊಳಗೆ
ತಂತಿಯೊಂದು ಕೆಂಪಗೆ, ಎಣಿಸಬಹುದಾದಷ್ಟು ಮಂಕಾಗಿ, ಕಾಣುತ್ತಿತ್ತು.

ಒಲೆಗೆ ಮತ್ತೆ ಕಂಬಳಿ ಹೊದಿಸಿ, ಬಾಗಿಲಲ್ಲಿ ತಿರುಗಿದ:
"ಆ ಪೊಟ್ಟಣ ಕೊಡು.
ಅಂಗಡಿಯವನನ್ನು ಸಂತೆಯೆದುರು ಬೈದು ಬಂದಿದ್ದೇನೆ."