ಕೂಗದ ರಾತ್ರಿಯ ಬನ್ನು

ಗೌಸ್‌ಪೀರ್ ಸಾಬರ ಬೇಕರಿಯಲ್ಲಿ ಗಡಿಯಾರ ಇತ್ತು,
ನಾಲ್ಕೂ ಹತ್ತಕ್ಕೆ ನಿಂತು ಎಷ್ಟೋ ವರ್ಷವಾಗಿತ್ತು.
ರಿಪೇರಿ ಯಾಕೆ? ಊರಿಗೆಲ್ಲ ಒಂದೇ ಗಡಿಯಾರ ನಮ್ಮಪ್ಪ,
ಬಾಯ್ಲರ್ ಮನೆಯ ದುಗ್ಗಪ್ಪ.
ಅವನು ಸರಪಳಿ ಜಗ್ಗಿದರೆ ಮಿಲ್ಲು ಕೂಗುತ್ತಿತ್ತು,
ಮಿಲ್ಲು ಕೂಗಿದರೆ ದಾವಣಗೆರೆ ಮಗ್ಗುಲು ಬದಲಿಸುತ್ತಿತ್ತು:
ಮಂಡಕ್ಕಿ ಭಟ್ಟಿಯವರು ಉಸುಕು ಕಾಯಿಸಲು ಏಳುವರು,
ಬಾಣಂತಿಯರು ಕೂಸಿಗೆ ಮೊಲೆ ಬದಲಿಸುವರು,
ಸಾಬರು ಒಲೆಯ ಬಾಯಿ ತೆರೆದು
ಉದ್ದನೆ ಮರದ ಸಲಿಕೆಯಲ್ಲಿ ಬನ್ನು ಎಳೆಯುವರು.

ಹತ್ತೂವರೆಗೆ ಒಲೆಗಿಟ್ಟು
ಮೈದಾ ಚೀಲದ ಮೇಲೆ ಅಡ್ಡಾದರೆ
ಹನ್ನೊಂದರ ಕೂಗೇ ಎಬ್ಬಿಸಬೇಕು.

ಅವತ್ತು ಕೂಗಲಿಲ್ಲ.

ಗೇಟಿಗೆ ಹಾಳೆಯೊಂದನ್ನು ಅಂಟಿಸಿದ್ದರು, ಅಂಟು ಇನ್ನೂ ಹಸಿ.
ಓದು ಬಂದವನೊಬ್ಬ ಓದಿ, ಮತ್ತೆ ಓದಿ,
"ಲಾಕೌಟ್ ಅಂತೆ" ಎಂದ.
ಅಪ್ಪ ಮನೆಗೆ ಬಂದು ರೊಟ್ಟಿ ಮುರಿದ, ತಿನ್ನಲಿಲ್ಲ.
ಹನ್ನೊಂದಕ್ಕೆ
(ನಮ್ಮನೆಯಲ್ಲೂ ಗಡಿಯಾರ ಇರಲಿಲ್ಲ, ಆದರೂ ಹನ್ನೊಂದಕ್ಕೇ)
ಮಲಗಿದಲ್ಲೇ ಅವನ ಬಲಗೈ ಮೇಲೆದ್ದು
ಗಾಳಿಯಲ್ಲಿ ಏನನ್ನೋ ಹುಡುಕಿತು.
ನಾನು ನೋಡಿದೆ. ಅವ್ವನೂ ನೋಡಿದಳು,
ಗೋಡೆಗೆ ಮುಖ ಮಾಡಿದಳು.

ಇತ್ತ ಸಾಬರು ಬೆಳಗಿನ ಬಾಂಗಿಗೆ ದಡಕ್ಕನೆ ಎದ್ದರು.
ಪುಣ್ಯಕ್ಕೆ ಸೌದೆ ತೀರಿ ಒಲೆಯೂ ಅರೆಹೊಟ್ಟೆ;
ಸುಟ್ಟಿರಲಿಲ್ಲ, ಒಣಗಿದ್ದವು.
ಜೀರಿಗೆ, ಬೆಣ್ಣೆ, ಚೂರು ಬೆಲ್ಲದ ಮೆತ್ತನೆ ಬನ್ನು
ಆರುತ್ತಿರುವ ಇಟ್ಟಿಗೆಯ ಮೇಲೆ ರಾತ್ರಿಯಿಡೀ ಕೂತು ಕೂತು
ಹುಣಸೆಬೀಜದ ಬಣ್ಣ.
ತಟ್ಟಿದರೆ ಟಕ್ ಟಕ್,
ಒಳಗೆ ಯಾರೂ ಇಲ್ಲದ ಮನೆಯ ಬಾಗಿಲು.
"ನಾಯಿನೂ ಮೂಸಲ್ಲ" ಎಂದಳು ಜೈತೂನ್‌ಬಿ.
ಒಂದನ್ನು ಮುರಿದು ಬಾಯಿಗಿಟ್ಟು
ಮಾತು ನಿಲ್ಲಿಸಿದಳು.
ಇನ್ನೊಂದನ್ನು ಸೆರಗಿಗೆ ಹಾಕಿಕೊಂಡಳು.

ಇನ್ನೂರು ಬನ್ನು. ಎಸೆಯೋಕೆ ಮನಸ್ಸಿಲ್ಲ, ಮಾರೋಕೆ ಮುಖವಿಲ್ಲ.
ಸೈಕಲ್ ಕ್ಯಾರಿಯರ್‌ಗೆ ಡಬ್ಬ ಕಟ್ಟಿ
ಗೇಟಿನ ಮುಂದೆ ಕೂತ ಜನದ ನಡುವೆ ಇಳಿಸಿ
"ದುಡ್ಡು ಬ್ಯಾಡ್ರಪ್ಪ, ಹಲ್ಲು ಹುಷಾರು" ಎಂದರು.

ಹೇಗೆ ಹೇಳಲಿ,
ಅಲ್ಲಿಯವರೆಗೆ ಯಾರೂ ಮಾತಾಡಿರಲಿಲ್ಲ.
ನೂಲಿನ ಖಾತೆಯ ಕೊಟ್ರೇಶಿ ಮೊದಲು ಕಚ್ಚಿದ: ಕಟಕ್.
ಆಮೇಲೆ ಅವನ ಪಕ್ಕದವ, ಅವನ ಪಕ್ಕದವ,
ಕಟಕ್ ಕಟಕ್ ಕಟಕಟಕಟಕಟ
ಒಂದು ಗಳಿಗೆ ಮಗ್ಗದ ಖಾತೆ ಪೂರಾ ಚಾಲೂ ಆದಂಗೆ.
ಯಾರೋ ನಕ್ಕರು. ಯಾರೋ ಚಹಾ ಹೇಳಿದರು.
ಅದ್ದಿದರೆ ತುದಿ ಮಾತ್ರ ಸೋತು, ಬೆನ್ನು ಗಟ್ಟಿ.

ಮರುದಿನ ಬಂದರು: "ಅದೇ ಹಾಳಾದ ಬನ್ನು ಕೊಡ್ರಿ."
ಸಾಬರು ಗಡಿಯಾರ ರಿಪೇರಿ ಮಾಡಿಸಿದರು,
ಗೋಡೆ ತುಂಬ ಇದ್ದಿಲಲ್ಲಿ ಲೆಕ್ಕ ಬರೆದರು.
ಒಂದು ದಿನ ಕರಿ, ಒಂದು ದಿನ ಹಸಿ.
ಕಡೆಗೆ ನಮ್ಮನೆಗೆ ಬಂದು, ಟೋಪಿ ತೆಗೆದು, ತಲೆ ಕೆರೆದು
"ದುಗ್ಗಪ್ಪಣ್ಣ, ನಿನ್ನಿಂದಾನೇ ಕೆಟ್ಟಿದ್ದು,
ನೀನೇ ಬಂದು ಕೆಡಿಸಿಕೊಡು" ಎಂದರು.

ಅಪ್ಪ ಹೋದ.
ಒಲೆಯ ಬಾಯಿಗೆ ಕುಕ್ಕರುಗಾಲಲ್ಲಿ ಕೂತ.
ಬಾಯ್ಲರಿನ ಕೊಳವೆಗೆ ಸ್ಪ್ಯಾನರ್ ತಟ್ಟಿ
ಅದರ ರೋಗ ಹೇಳುತ್ತಿದ್ದವನು
ಒಂದು ಬನ್ನು ಎಳೆದು, ಬೆರಳಗೆಣ್ಣಲ್ಲಿ ತಟ್ಟಿ, ಕಿವಿಗೆ ಹಿಡಿದು
"ಇನ್ನಾ ಒಳಗೆ ಜನ ಅದಾರೆ" ಎಂದು ಮತ್ತೆ ಒಲೆಗಿಡುವನು.
ಖಾಲಿಯಾಯಿತು ಅನ್ನಿಸಿದಾಗ ಎದ್ದು ನಿಂತು
ಕೂಗುವನು, ಬಾಯಲ್ಲೇ,
ಓಣಿಗೆಲ್ಲ ಕೇಳುವ ಹಾಗೆ.
ಬಲಗೈ ಆಗ ತನ್ನಷ್ಟಕ್ಕೆ ಮೇಲೇಳುತ್ತಿತ್ತು.

ಮಿಲ್ಲಿನ ಜಾಗದಲ್ಲಿ ಈಗ ಮದುವೆ ಛತ್ರ.
ಸಾಬರ ಮೊಮ್ಮಕ್ಕಳು ದೀಪದ ಬೋರ್ಡು ಹಾಕಿಸಿದ್ದಾರೆ,
ಸೈರನ್ ಬನ್ನು, ನಮ್ಮ ಬೇರೆ ಶಾಖೆಗಳಿಲ್ಲ.
ನನ್ನಿಂದ ದುಡ್ಡು ಈಸಿಕೊಳ್ಳುವುದಿಲ್ಲ, ನಾನು ಗಲ್ಲಾದ ಮೇಲಿಟ್ಟೇ ಬರುತ್ತೇನೆ.

ಮೊನ್ನೆ ಒಂದನ್ನು ತಟ್ಟಿ, ಕಿವಿಗೆ ಹಿಡಿದೆ.
ಇನ್ನೂ ಚೂರು ಹಸಿ.
ಹುಡುಗರಿಗೆ ಹೇಳಲಿಲ್ಲ.